ಅಕ್ಕನ ಲಿಂಗ, ತಮ್ಮನ ಧ್ಯಾನ

ನ್ಯಾಯವಾಗಿ ನೋಡಿದರೆ, ಧ್ಯಾನ ಮಾಡುವವನಿಗಿಂತ ಅವನ ಹೆಂಡತಿಗೇ ಪುಣ್ಯ ಜಾಸ್ತಿ ಬರಬೇಕು. ನಂಜನಗೂಡಿನ ಸೋಮಶೇಖರನ ಹೆಂಡತಿ ದೇವಮ್ಮಣ್ಣಿಗೆ ಆ ಪುಣ್ಯ ಇಷ್ಟೊತ್ತಿಗೆ ಗುಡ್ಡೆ ಬಿದ್ದಿರಬೇಕು. ಬೆಳಿಗ್ಗೆ ಅವನು ಪೂಜೆಗೆ ಕೂತನೆಂದರೆ ಮನೆಯಲ್ಲಿ ಕುಕ್ಕರು ಕೂಗುವಂತಿಲ್ಲ, ಮಿಕ್ಸಿ ತಿರುಗುವಂತಿಲ್ಲ, ಹಾಲಿನವನು ಬೆಲ್ ಒತ್ತುವಂತಿಲ್ಲ. ಒಂದು ಸಲ ಆ ಹೆಂಗಸು ಸೀನಿಬಿಟ್ಟಿತು ಅಂತ ದಿನವೆಲ್ಲ ಮಾತು ಬಿಟ್ಟಿದ್ದ. ‘ಧ್ಯಾನ ಮಾಡೋ ಮನೇಲಿ ನೆಗಡಿನೂ ಆಗ್ಬಾರ್ದಾ?’ ಎಂದು ಅವಳು ಒಳಗೇ ಗೊಣಗಿಕೊಂಡಳು. ಅದು ಅವನ ಕಿವಿಗೆ ಬಿದ್ದಿದ್ದರೆ ಇನ್ನೊಂದು ದಿನ ಮಾತಿರುತ್ತಿರಲಿಲ್ಲ.

ಸೋಮಶೇಖರನದು ಆರ್.ಪಿ. ರಸ್ತೆಯ ಹಿಂದಿನ ಬೀದಿಯಲ್ಲಿ ಹಿಂಡಿ-ಬೂಸಾ ಅಂಗಡಿ. ಊರಿನವರ ಬಾಯಲ್ಲಿ ಅವನು ಬೂಸಾ ಸೋಮಣ್ಣ. ಹಸುವಿನ ಮೇವು ಮಾರುವುದರಲ್ಲಿ ಮರ್ಯಾದೆಗೇಡಿನದೇನೂ ಇಲ್ಲ, ನಾಲ್ಕು ಹಳ್ಳಿಯ ಹಾಲು ಅವನ ಅಂಗಡಿಯಿಂದಲೇ ಹುಟ್ಟುವುದು. ಆದರೆ ಐವತ್ತು ದಾಟಿದ ಮೇಲೆ ಕೆಲವರಿಗೆ ಹೊಸ ಹೆಸರಿನ ಆಸೆ ಹುಟ್ಟುತ್ತದೆ. ಇವನಿಗೂ ಹುಟ್ಟಿತು.

ಮೊದಲು ಇವನೂ ಎಲ್ಲರ ಹಾಗೇ ಇದ್ದ. ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು, ವಿಭೂತಿ ಧರಿಸಿ, ಒಂದು ಹೂವು ಏರಿಸಿ, ನಾಲ್ಕು ಮಂತ್ರ ಹೇಳಿ ಎದ್ದರೆ ತಿಂಡಿಯ ತಟ್ಟೆ ಮುಂದೆ. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಯಾವುದೋ ಶಿಬಿರಕ್ಕೆ ಹೋದ. ಅಂಗೈ ಲಿಂಗವನ್ನು ರೆಪ್ಪೆ ಬಡಿಯದೆ ನೋಡುವುದೇ ನಿಜವಾದ ಧ್ಯಾನ ಎಂದು ಅಲ್ಲಿ ಹೇಳಿಕೊಟ್ಟರು. ಮಾತು ಸರಿಯಾದದ್ದೇ. ಆದರೆ ಸೋಮಶೇಖರ ಅದನ್ನು ವ್ಯಾಪಾರದವರ ಕಣ್ಣಿನಿಂದ ನೋಡಿದ. ಹಿಂಡಿ ಹೆಚ್ಚಿದರೆ ಹಾಲು ಹೆಚ್ಚುವ ಹಾಗೆ, ನಿಮಿಷ ಹೆಚ್ಚಿದರೆ ಧ್ಯಾನ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿದ. ಆನ್‌ಲೈನಿನಲ್ಲಿ ದುಂಡನೆಯ ದಿಂಬು ತರಿಸಿದ. ಫೋನಿಗೆ ಗಂಟೆ ಬಾರಿಸುವ ಆಪ್ ಹಾಕಿಸಿಕೊಂಡ. ‘ಅನಿಮಿಷ’ ಅಂತ ಒಂದು ವಾಟ್ಸಾಪ್ ಗುಂಪು ಕಟ್ಟಿದ. ದಿನಾ ಬೆಳಿಗ್ಗೆ ತಾನು ಎಷ್ಟು ಹೊತ್ತು ಕೂತೆ, ಏನು ಅನುಭವವಾಯಿತು ಎಂದು ಅದರಲ್ಲಿ ಬರೆಯುತ್ತಿದ್ದ. ಎದುರಿನಿಂದ ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬರುತ್ತಿದ್ದವು.

ಈಗ ಒಂದು ಮಾತು ಹೇಳಲೇಬೇಕು. ಆ ಹೊತ್ತಿನಲ್ಲಿ ಅವನ ಕಣ್ಣು ಲಿಂಗದ ಮೇಲಿರುತ್ತಿತ್ತು, ನಿಜ. ಮನಸ್ಸು ಮಾತ್ರ ಇವತ್ತು ಗುಂಪಿನಲ್ಲಿ ಏನು ಬರೆಯಲಿ ಎನ್ನುವುದರ ಮೇಲೆ. ‘ಬೆಳಕು ಕಂಡಿತು’ ಅಂತ ನಿನ್ನೆ ಬರೆದಾಗಿದೆ, ಇವತ್ತು ‘ನಾದ ಕೇಳಿಸಿತು’ ಅಂತ ಬರೆಯೋಣವೇ? ಹೀಗೆ ಅವನ ಧ್ಯಾನ ದಿನದಿಂದ ದಿನಕ್ಕೆ ಸುಧಾರಿಸುತ್ತಾ ಹೋಯಿತು. ಮಠದ ಸೋಮವಾರದ ಸಭೆಯಲ್ಲಿ ಮಾತಾಡಲು ಕರೆದರು. ಬೆಟ್ಟಸ್ವಾಮಿ ಅನ್ನುವ ಉತ್ಸಾಹಿ ಒಬ್ಬರು ದಸರೆಗೆ ಮುಂಚೆ ದೊಡ್ಡ ಶಿಬಿರವೊಂದನ್ನು ಏರ್ಪಾಡು ಮಾಡಿ, ಅದನ್ನು ನಡೆಸುವವನು ಸೋಮಶೇಖರನೇ ಅಂತ ಗೊತ್ತುಮಾಡಿದರು. ಅವತ್ತಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ.

ಗೌರಿ ಹಬ್ಬಕ್ಕೆ ಅಕ್ಕ ಮಲ್ಲಾಜಮ್ಮ ತವರಿಗೆ ಬಂದಳು. ಟಿ. ನರಸೀಪುರದಲ್ಲಿ ಮಗ ಬಸವಪ್ರಸಾದ್, ಸೊಸೆ ನಯನಳ ಜೊತೆ ಇರುವವಳು. ಸೋಮಶೇಖರನಿಗೆ ತಾಯಿಯ ಮುಖ ನೆನಪಿಲ್ಲ. ಹಾಲು ಬಿಡಿಸಿದ ಹೊಸದರಲ್ಲೇ ಆಯಮ್ಮ ತೀರಿಕೊಂಡಳು. ಅವನಿಗೆ ತುತ್ತಿಟ್ಟು ಬೆಳೆಸಿದವಳು ಅಕ್ಕ. ಮದುವೆಯಾಗಿ ಹೋಗುವ ದಿನವೂ ಅವನಿಗೆ ಉಣ್ಣಿಸಿಯೇ ಗಾಡಿ ಹತ್ತಿದಳಂತೆ.

ಹಬ್ಬದ ಮಾರನೆಯ ದಿನ ಅಕ್ಕನ ಕರಡಿಗೆಯ ಕೊಂಡಿ ಸಡಿಲವಾಗಿರುವುದು ಸೋಮಶೇಖರನ ಕಣ್ಣಿಗೆ ಬಿತ್ತು. ಲಿಂಗವಿಡುವ ಆ ಬೆಳ್ಳಿ ಡಬ್ಬಿ ಕಪ್ಪಗೂ ಆಗಿತ್ತು. “ಕೊಡಕ್ಕ, ಬೆಸುಗೆ ಹಾಕ್ಸಿ ಪಾಲೀಸ್ ಮಾಡ್ಸ್ಕಂಡು ಬತ್ತೀನಿ. ನಂದೂ ಮಾಡ್ಸ್ಬೇಕು, ಶಿಬಿರಕ್ಕೆ” ಎಂದ.

“ಮೈ ಮ್ಯಾಲಿಂದ ತಗೀಬಾರ್ದು ಕಣ್ಲಾ.”

“ಲಿಂಗ ದೇವ್ರ ಕ್ವಾಣೇಲೇ ಇರ್ತದೆ ಅಕ್ಕ. ನಾನು ಬರೀ ಕರಡಿಗೆ ತಕಂಡೋಯ್ತೀನಿ. ಗಳಿಗೆ ಕೆಲಸ.”

ಮನಸ್ಸಿಲ್ಲದ ಮನಸ್ಸಿನಿಂದ ಅಕ್ಕ ಒಪ್ಪಿದಳು. ಇಬ್ಬರ ಲಿಂಗಗಳನ್ನೂ ಬೇರೆಬೇರೆ ಬಿಳಿ ಬಟ್ಟೆಯಲ್ಲಿ ಸುತ್ತಿ ದೇವರ ಮುಂದಿನ ತಟ್ಟೆಯಲ್ಲಿಟ್ಟಳು. ಅವನು ಬೆಳ್ಳಿ ಕೆಲಸದವನ ಹತ್ತಿರ ಹೋಗಿ ಬಂದ. ಅಕ್ಕ ಅಡುಗೆಮನೆಯಲ್ಲಿದ್ದಳು, ನರಸೀಪುರದ ಬಸ್ಸಿಗೆ ಹೊತ್ತಾಗಿತ್ತು. ತಾನೇ ದೇವರ ಕೋಣೆಗೆ ಹೋಗಿ ಲಿಂಗಗಳನ್ನು ಕರಡಿಗೆಗೆ ಸೇರಿಸಲು ಕೂತ. ಸರಿಯಾಗಿ ಆಗಲೇ ಬೆಟ್ಟಸ್ವಾಮಿಯವರ ಫೋನು. ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡ.

“ಬ್ಯಾನರ್ ಪ್ರಿಂಟಿಗೆ ಕೊಡ್ತಾ ಇವ್ನಿ ಸಾ. ನಿಮ್ಮ ಎಸ್ರು ಕೆಳಗೆ ‘ಧ್ಯಾನಸಾಧಕರು’ ಅಂತ ಆಕುಸ್ಲಾ?”

“ಆಕ್ಸಿ ಆಕ್ಸಿ. ನಾನೇಳ್ದೆ ಅಂತ ಮಾತ್ರ ಯಾರ್ಗೂ ಅನ್ಬೇಡಿ.”

ಎಡವಟ್ಟಾದದ್ದು ಅಲ್ಲೇ. ಅಕ್ಕನದು ಇವನ ಕರಡಿಗೆಗೆ ಹೋಯಿತು, ಇವನದು ಅಕ್ಕನ ಕರಡಿಗೆಗೆ. ಒಬ್ಬರೇ ಗುರುಗಳು ಕೊಟ್ಟ ಲಿಂಗಗಳು, ದೂರದಿಂದ ನೋಡುವವರಿಗೆ ಎರಡೂ ಒಂದೇ. ಆದರೆ ಅದನ್ನು ದೂರದಿಂದ ನೋಡುವ ಪದ್ಧತಿ ಯಾರಿಗಿದೆ ಹೇಳಿ? ಕೈ ಮೇಲಿಟ್ಟುಕೊಂಡು ದಿನಾ ನೋಡುವ ವಸ್ತು ಅದು.

ಅಕ್ಕನಿಗೆ ಮಾರನೆಯ ಬೆಳಿಗ್ಗೆಯೇ ಗೊತ್ತಾಯಿತು. ಅಂಗೈ ಮೇಲಿಟ್ಟುಕೊಂಡವಳು ಹಾಗೇ ಕೂತುಬಿಟ್ಟಳು. ಹುಡುಗಿಯಾಗಿದ್ದಾಗ ದೀಕ್ಷೆಯಾದ ಮೇಲೆ ಲಿಂಗಪೂಜೆ ಮಾಡದೆ ಅವಳು ಅನ್ನ ಮುಟ್ಟಿದ್ದೇ ಇಲ್ಲ, ಜ್ವರವೇ ಬರಲಿ, ಹೆರಿಗೆಯೇ ಆಗಲಿ. ಇನ್ನೊಬ್ಬರ ಲಿಂಗಕ್ಕೆ ತಾನು ಪೂಜೆ ಮಾಡುವಂತಿಲ್ಲ. ತನ್ನದು ತನ್ನ ಹತ್ತಿರವಿಲ್ಲ. ತಮ್ಮನದನ್ನು ಜೋಪಾನವಾಗಿ ದೇವರ ಗೂಡಿನಲ್ಲಿಟ್ಟು ಒಂದು ಹೂವು ಇಟ್ಟಳು. ಅವತ್ತಿನಿಂದ ಅನ್ನ ಬಿಟ್ಟಳು. ಬರೀ ಹಾಲು, ಹಣ್ಣು.

ಫೋನು ಮಾಡಿ ಒಂದು ಮಾತು ಕೇಳಬಾರದಿತ್ತೇ ಅನ್ನುತ್ತೀರಿ. ಆ ಕಾಲದ ಹೆಂಗಸು ಅದು. ಲಿಂಗ ತನ್ನ ಮೈಯಿಂದ ಬೇರೆಯಾಗಿದೆ ಅನ್ನುವುದನ್ನು ಬಾಯಿಬಿಟ್ಟು ಹೇಳುವುದೇ ಅವಳಿಗೆ ಸಾವಿನಷ್ಟು ನಾಚಿಕೆ. ಮಗನಿಗೂ ಹೇಳಲಿಲ್ಲ. ಸೊಸೆ ನಯನಾ ಹೇಗೋ ಪತ್ತೆ ಹಚ್ಚಿ, “ಬನ್ನಿ ಅತ್ತೆ, ಈಗ್ಲೇ ನಂಜನಗೂಡಿಗೆ ಓಗಿ ಬರಾನ” ಅಂದರೆ, “ಬ್ಯಾಡ. ನಾನೋದ್ರೆ ಅವನ ತಪ್ಪು ಅವನ ಮಕಕ್ಕೆ ಯೋಳ್ದಂಗಾಯ್ತದೆ. ಅವನೇ ಬತ್ತನೆ” ಎಂದಳು. ಯಾರಿಗೂ ಹೇಳಕೂಡದು ಅಂತ ಸೊಸೆಯಿಂದ ಆಣೆ ಹಾಕಿಸಿಕೊಂಡಳು.

ತಮ್ಮ ಬರಲಿಲ್ಲ. ಅವಳೇ ಆಗಾಗ ಫೋನು ಮಾಡಿದಳು.

“ಸೋಮ, ಚೆನ್ನಾಗಿದ್ದೀಯಾ? ಪೂಜೆ ಎಂಗೆ ನಡೀತಾ ಅದೆ?”

“ಅಯ್ಯೋ ಏನ್ ಕೇಳ್ತೀಯ ಅಕ್ಕ! ಈಚೆಗೆ ಬೇರೆ ಮಟ್ಟಕ್ಕೇ ಓಗ್ಬುಟ್ಟದೆ. ಲಿಂಗ ನಂಜೊತೆ ಮಾತಾಡ್ತದೆ ಅನ್ನಂಗಾಯ್ತದೆ.”

“ಏನಂತದೆ?” ಎಂದಳು ಅಕ್ಕ.

ಅವನು ನಕ್ಕ. “ಅದನ್ನೆಲ್ಲ ಬಾಯಲ್ಲಿ ಯೋಳಕಾಯ್ತದಾ?”

“ಊಟ ಮಾಡ್ತಾ ಇದ್ದೀಯೇನ್ಲಾ?”

ಆಗತಾನೆ ಎರಡು ಮುದ್ದೆ ಬಸ್ಸಾರಿನ ಜೊತೆ ಇಳಿಸಿ, ಮೇಲೆ ಮಜ್ಜಿಗೆ ಕುಡಿದು ಕೂತಿದ್ದ ಸೋಮಶೇಖರ, “ಧ್ಯಾನ ಎಚ್ಚಾದಂಗೆಲ್ಲ ಅನ್ನದ ಮ್ಯಾಲೆ ಆಸೇನೇ ಓಯ್ತದೆ ಅಕ್ಕ. ನಂಗೀಗ ಊಟ ಬೇಕು ಅಂತ್ಲೇ ಅನ್ಸಲ್ಲ” ಎಂದ. ತೊಳೆಯುವ ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದ ದೇವಮ್ಮಣ್ಣಿ ನಿಂತು ಅವನನ್ನು ಒಮ್ಮೆ ನೋಡಿ ಒಳಗೆ ಹೋದಳು.

“ಅಂಗಾರೆ ಯಾವಾಗ ಬತ್ತೀಯ ಈ ಕಡೆ?”

“ಶಿಬಿರ ಮುಗಿಯೋಗಂಟ ಉಸಿರಾಡಕೂ ಪುರಸೊತ್ತಿಲ್ಲ. ನೀನೇ ಶಿಬಿರಕ್ಕೆ ಬಾ. ಮುಂದಿನ ಸಾಲಲ್ಲೇ ಕೂರುಸ್ತೀನಿ.”

“ಬತ್ತೀನಿ ಕಣ್ ಮಗ. ನೀನೂ ಸ್ವಲ್ಪ ತಡ್ಕ” ಎಂದಳು ಅಕ್ಕ. ಏನನ್ನು ತಡೆದುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ, ಕೇಳುವ ಗೋಜಿಗೂ ಹೋಗಲಿಲ್ಲ.

ಶಿಬಿರದ ದಿನ ಮಠದ ಸಭಾಭವನ ತುಂಬಿ ತುಳುಕುತ್ತಿತ್ತು. ಕಳಲೆ, ಬನ್ನೂರು ಕಡೆಯಿಂದಲೂ ಜನ ಬಂದಿದ್ದರು. ವೇದಿಕೆಯ ಹಿಂದೆ ಬ್ಯಾನರು, ಅದರಲ್ಲಿ ಅವನ ಫೋಟೋ, ಕೆಳಗೆ ‘ಧ್ಯಾನಸಾಧಕರು’. ಅಕ್ಕ ನಯನಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಾಗ ಸೋಮಶೇಖರ ಒಂದು ಗಳಿಗೆ ಬೆಚ್ಚಿದ. ಎಷ್ಟು ಸೊರಗಿದ್ದಾಳೆ! ಕುಪ್ಪಸದ ತೋಳು ಜೋತು ಬಿದ್ದಿತ್ತು, ಕೆನ್ನೆ ಒಳಗೆ ಹೋಗಿತ್ತು. ಶುಗರ್ ಇರಬೇಕು, ಬಸವಪ್ರಸಾದನಿಗೆ ಹೇಳಿ ಡಾಕ್ಟರಿಗೆ ತೋರಿಸಬೇಕು ಅಂದುಕೊಂಡ.

“ಸೋಮ, ಒಂದು ಗಳಿಗೆ ಈಚೆಗೆ ಬಾರಪ್ಪ” ಎಂದು ಅಕ್ಕ ಮೆಲ್ಲಗೆ ಕರೆದಳು. ಸೆರಗಿನ ಮರೆಯಲ್ಲಿ ಒಂದು ಕೈ ಎದೆಗೆ ಒತ್ತಿಕೊಂಡಿದ್ದಳು.

“ಆಮೇಲೆ ಅಕ್ಕ, ಆಮೇಲೆ. ಸ್ವಾಮೀಜಿ ಬಂದ್ಬುಟ್ರು” ಎಂದವನೇ ವೇದಿಕೆ ಹತ್ತಿದ.

ಮಾತು ಚೆನ್ನಾಗಿಯೇ ಬಂತು ಅವನಿಗೆ. ಲಿಂಗವನ್ನು ಎಲ್ಲರೂ ಅಂಗೈ ಮೇಲಿಟ್ಟುಕೊಳ್ಳಿ ಎಂದ. ತಾನೂ ಇಟ್ಟುಕೊಂಡ. ಕೈಯನ್ನು ಎದೆಯ ಎತ್ತರಕ್ಕೆ ಹಿಡಿದು, “ಹೆತ್ತ ತಾಯಿ ಸಾವಿರ ಮಕ್ಕಳ ನಡುವೆ ತನ್ನ ಮಗುವನ್ನ ಗುರುತು ಹಿಡೀತಾಳೆ. ನಿಮ್ಮ ಲಿಂಗವನ್ನ ನೀವು ಹಾಗೆ ನೋಡಿದ್ದೀರಾ? ಒಂದು ದಿನವಾದರೂ ನೋಡಿದ್ದೀರಾ?” ಎಂದು ಕೇಳಿದ. ತನ್ನ ಮಾತಿಗೆ ತನಗೇ ಮೈ ಜುಮ್ಮೆಂದಿತು. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅಂತ ನಮ್ಮ ಕಡೆ ಒಂದು ಗಾದೆ ಇದೆ. ಆ ಬದನೇಕಾಯಿ ಅವನ ಅಂಗೈ ಮೇಲೇ ಇತ್ತು ಅನ್ನಲು ನನಗೆ ನಾಲಿಗೆ ಬರುವುದಿಲ್ಲ, ಅದು ಅಕ್ಕನ ಲಿಂಗ.

ಆಗ ಮುಂದಿನ ಸಾಲಿನಲ್ಲಿ ಕೈ ಖಾಲಿ ಬಿಟ್ಟುಕೊಂಡು ಕೂತಿದ್ದ ಅಕ್ಕ ಕಣ್ಣಿಗೆ ಬಿದ್ದಳು. ಎಲ್ಲರೂ ಅಂಗೈ ನೋಡುತ್ತಿದ್ದರೆ ಅವಳು ತಮ್ಮನ ಅಂಗೈಯನ್ನೇ ನೋಡುತ್ತಿದ್ದಳು. ಸೋಮಶೇಖರನಿಗೆ ಮುಜುಗರವಾಯಿತು. ಸ್ವಾಮೀಜಿ ಏನು ತಿಳಿದುಕೊಂಡಾರು, ಇವನ ಮನೆಯವರೇ ಹೀಗೆ ಅಂತ?

“ಬರಿಗೈಲಿ ಬಂದವರು ದಯವಿಟ್ಟು ಹಿಂದಿನ ಸಾಲಿಗೆ ಹೋಗಿ ಕೂತುಕೊಳ್ಳಿ. ಪಕ್ಕದವರ ಏಕಾಗ್ರತೆ ಹಾಳಾಗುತ್ತೆ” ಎಂದ ಮೈಕಿನಲ್ಲಿ.

ಜನ ಕತ್ತು ತಿರುಗಿಸಿ ನೋಡಿದರು. ಅಕ್ಕ ನೆಲಕ್ಕೆ ಕೈಯೂರಿ ಎದ್ದಳು. ನಯನಾ ಕೆಂಡದಂಥ ಮುಖ ಮಾಡಿಕೊಂಡು ಅವಳ ರಟ್ಟೆ ಹಿಡಿದಳು. ಇಬ್ಬರೂ ಅಷ್ಟುದ್ದದ ಸಭೆಯ ನಡುವೆ ನಡೆದು ಹಿಂದಕ್ಕೆ ಹೋದರು. ಸೋಮಶೇಖರ ಕಣ್ಣನ್ನು ಅಂಗೈಗೆ ಇಳಿಸಿ ಧ್ಯಾನ ಮುಂದುವರಿಸಿದ.

ಮಧ್ಯಾಹ್ನದ ಪ್ರಸಾದಕ್ಕೆ ಒಬ್ಬಟ್ಟು, ಬದನೇಕಾಯಿ ಎಣ್ಣೆಗಾಯಿ, ಚಿತ್ರಾನ್ನ. ಬೆಟ್ಟಸ್ವಾಮಿ ಪಕ್ಕದಲ್ಲಿ ನಿಂತು ‘ಇನ್ನೊಂದು ಸಾ, ಇನ್ನೊಂದೇ ಒಂದು’ ಎಂದು ಒಬ್ಬಟ್ಟಿನ ಮೇಲೆ ತುಪ್ಪ ಸುರಿಸಿ ಸುರಿಸಿ ಬಡಿಸಿದರು. ಸೋಮಶೇಖರ ಹೊಟ್ಟೆ ಬಿರಿಯ ಉಂಡು, ಕೈ ತೊಳೆಯಲು ನಲ್ಲಿಯ ಹತ್ತಿರ ಬಂದ. ನಯನಾ ಅಲ್ಲೇ ಕಾದು ನಿಂತಿದ್ದಳು.

“ಚೆನ್ನಾಗಿ ಉಂಡ್ರಾ ಮಾವ?”

“ಹ್ಞೂಂ ಕಣವ್ವ. ಅಕ್ಕ ಊಟ ಮಾಡುದ್ಲಾ?”

“ಇಲ್ಲ. ಗೌರಿ ಹಬ್ಬ ಆದ ಮ್ಯಾಲೆ ಅವ್ರು ಊಟಾನೇ ಮಾಡಿಲ್ಲ. ಯೋಳ್ಬಾರ್ದು ಅಂತ ಆಣೆ ಆಕ್ಸ್ಕಂಡವ್ರೆ. ಆಣೆ ಮನೆ ಆಳಾಗ. ಬೆಳಿಗ್ಗೆ ಅಷ್ಟು ಜನದ ಮುಂದೆ ಅವರ್ನ ಎಬ್ಬುಸಿ ಇಂದಕ್ಕೆ ಕಳುಸುದ್ರಲ್ಲ, ಆಗ ನಿಮ್ಮ ಕೈಲಿ ಇದ್ದುದ್ದು ಯಾರ ಲಿಂಗ ಮಾವ?”

“ಏನಮ್ಮ ಅಂಗಂದ್ರೆ?”

“ಅದು ಅತ್ತೇದು. ನಿಮ್ಮದು ಅವರತ್ರ ಅದೆ. ಪಾಲೀಸ್ ಮಾಡ್ಸಿದ್ ದಿನ ನೀವು ಅದಲು ಬದಲು ಮಾಡಿ ಕೊಟ್ರಿ. ಅವರ್ದು ಅವರತ್ರ ಇಲ್ದೆ ಅವ್ರು ಎಂಗೆ ಉಣ್ತಾರೆ?”

“ಏನ್ ಮಾತಾಡ್ತೀಯವ್ವ ನೀನು! ನನ್ ಲಿಂಗ ನಂಗೊತ್ತಾಗಲ್ವಾ?” ಎಂದು ಸೋಮಶೇಖರ ದನಿ ಏರಿಸಿದ. ನಲ್ಲಿಯ ಹತ್ತಿರವಿದ್ದ ನಾಲ್ಕು ಜನ ತಿರುಗಿ ನೋಡಿದರು. ನಯನಾ ಅವನ ಮುಖ ನೋಡುತ್ತ ನಿಂತಳು. ಅವನ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿತು. ಹಬ್ಬದ ಮಾರನೆಯ ದಿನ, ಎರಡು ಬಿಳಿ ಬಟ್ಟೆ, ಕಿವಿಯಲ್ಲಿ ಬೆಟ್ಟಸ್ವಾಮಿ. ಯಾವ ಬಟ್ಟೆಯಿಂದ ತೆಗೆದು ಯಾವುದಕ್ಕಿಟ್ಟೆ? ಎಷ್ಟು ತಿಣುಕಿದರೂ ನೆನಪಿಗೆ ಬಂದದ್ದು ಬ್ಯಾನರಿನ ಮಾತು ಮಾತ್ರ. “ಅಕ್ಕ ಎಲ್ಲವ್ಳೆ?” ಎಂದು ಕೇಳಿ, ನಯನಾ ತೋರಿಸಿದ ಕಡೆ ನಡೆದ.

ವೇದಿಕೆಯ ಹಿಂದೆ ಜಮಖಾನ, ಮೈಕಿನ ಪೆಟ್ಟಿಗೆ ಇಡುವ ಕೋಣೆಯೊಂದಿತ್ತು. ಅಕ್ಕ ಅಲ್ಲಿ ಸುತ್ತಿಟ್ಟ ಜಮಖಾನದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ. ಅವನನ್ನು ಕಂಡವಳೇ ಮುಖವರಳಿಸಿ, “ಬಂದ್ಯಾ ಮಗ? ಬಾಗಲಾಕ” ಎಂದಳು.

ಸೆರಗು ಹಾಸಿ, ಅವಳು ತನ್ನ ಕರಡಿಗೆ ಬಿಚ್ಚಿದಳು. ಅವನೂ ಬಿಚ್ಚಿದ. ಎರಡೂ ಲಿಂಗ ಸೆರಗಿನ ಮೇಲೆ ಅಕ್ಕಪಕ್ಕ ಕೂತವು. ಸೋಮಶೇಖರ ಬಗ್ಗಿ ನೋಡಿದ. ರೆಪ್ಪೆ ಬಡಿಯದೆ ನೋಡಿದ. ಇದು ತನ್ನದು ಅಂತ ಒಂದಾದರೂ ಅವನನ್ನು ಕರೆಯಲಿಲ್ಲ. ಎರಡೂ ಒಂದೇ ಥರ ಕಪ್ಪಗೆ, ಒಂದೇ ಥರ ನುಣ್ಣಗೆ ಕಂಡವು. ಇಷ್ಟು ದಿನ ತಾನು ನೋಡಿದ್ದಾದರೂ ಏನನ್ನು?

ಅಕ್ಕ ಮಾತ್ರ ಕಣ್ಣು ಹಾಯಿಸುವಷ್ಟರಲ್ಲಿ ತನ್ನದನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಂಡಳು. ಅಳು ಬಂದುಬಿಟ್ಟಿತು ಅವಳಿಗೆ. “ನನ್ನಪ್ಪ ಬಂದ್ಯಾ, ಬಂದ್ಯಾ” ಎಂದು ಮಗುವನ್ನು ಮಾತಾಡಿಸಿದ ಹಾಗೆ ಮಾತಾಡಿಸಿದಳು. ಚೊಂಬಿನ ನೀರಿನಿಂದ ತೊಳೆದು, ವಿಭೂತಿ ಹಚ್ಚಿ, ಬಾಳೆಯೆಲೆಯಲ್ಲಿ ಬೇರೆ ಕಟ್ಟಿ ತಂದಿದ್ದ ಹೂವು ಏರಿಸಿದಳು. ಸ್ವಲ್ಪ ಹೊತ್ತು ನೋಡುತ್ತ ಕೂತಳು. ಅಷ್ಟೇ. ಗಂಟೆಯಿಲ್ಲ, ದಿಂಬಿಲ್ಲ. ಕೊರಳಿಗೆ ಹಾಕಿಕೊಂಡು ಕಣ್ಣೊರೆಸಿಕೊಂಡಳು.

“ನೀನೂ ಮಾಡ್ಕ ಬಿರ್ರನೆ. ಇಬ್ರೂ ಉಣ್ಣಾನ.”

“ನಾನೂ...?”

“ಉಂ ಕಣ್ಲಾ. ಪಾಪ, ಎಷ್ಟು ದಿನಾಯ್ತೋ ಅನ್ನ ಕಂಡು. ಅಕ್ಕಿರೊಟ್ಟಿ ಮಾಡ್ಕ ಬಂದಿವ್ನಿ, ಉಚ್ಚೆಳ್ಳು ಚಟ್ನಿ. ನಿಂಗಿಷ್ಟ ಅಂತ.”

ಸೋಮಶೇಖರನಿಗೆ ಒಂದೂ ಅರ್ಥವಾಗಲಿಲ್ಲ. ಅಕ್ಕ ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಮಾತಾಡಿದಳು. “ಮೊದಲ್ನೇ ದಿನವೇ ನಿಂಗೆ ಗೊತ್ತಾಗಿರ್ತದೆ ಅಂತ ನಂಗೆ ಗೊತ್ತು. ಗಳಿಗೆ ನೋಡೋ ನಂಗೇ ಗೊತ್ತಾದ್ಮ್ಯಾಲೆ, ಅಷ್ಟೊತ್ತು ನೋಡೋನು ನೀನು, ನಿಂಗೆ ತಿಳೀದೇ ಇದ್ದದಾ? ಶಿಬಿರದ ಕೆಲ್ಸ ಬುಟ್ಟು ಬರಂಗಿಲ್ಲ, ಯಾರ್ಗೂ ಬಾಯ್ಬುಡಂಗಿಲ್ಲ. ನೀನೂ ಆಲು ಅಣ್ಣಲ್ಲೇ ಇರ್ತೀಯ ಅಂತ ಅಂದ್ಕಂಡೆ. ಫೋನಲ್ಲಿ ಅಂದ್ಯಲ್ಲ, ಅನ್ನದ ಮ್ಯಾಲೆ ಆಸೆ ಓಗದೆ ಅಂತ. ನಂಗೆ ಕರುಳು ಕಿವುಚಿದಂಗಾಯ್ತು. ಯೋಳ್ಕೊಳ್ದೆ ಎಂಗೆ ಯೋಳ್ತನೆ ನೋಡು ನನ್ ತಮ್ಮ ಅಂತ.”

“ಅಕ್ಕ, ಬೆಳಿಗ್ಗೆ ನಾನು ನಿನ್ನ...”

“ಬುಡು ಬುಡು. ಇಂದಕ್ಕೋಗು ಅಂದಾಗ್ಲೇ ನಂಗೊತ್ತಾಯ್ತು. ಮುಂದೆ ಕುಂತಿದ್ರೆ ಯಾರಾರ ‘ನಿನ್ನ ಲಿಂಗ ಎಲ್ಲಿ’ ಅಂತ ಕೇಳಾರು ಅಂತ ಮರೆ ಮಾಡ್ದೆ. ನಾನು ಗುಟ್ಟು ತಿಳೀದೋಳಾ?”

ಅವನ ಹಿಂದೆಯೇ ಒಳಗೆ ಬಂದಿದ್ದ ನಯನಾ ಬಾಗಿಲ ಹತ್ತಿರ ನಿಂತಿದ್ದಳು. ಈಗಲಾದರೂ ಹೇಳಿ ಮಾವ, ಎನ್ನುವ ಕಣ್ಣು. ಸೋಮಶೇಖರ ಬಾಯಿ ತೆರೆದ. ಅಕ್ಕನ ಮುಖದಲ್ಲಿ ಅಷ್ಟು ಹೆಮ್ಮೆ ಇತ್ತು, ಅಷ್ಟು ನಂಬಿಕೆ ಇತ್ತು. ಅದರ ಮುಂದೆ ಅವನ ನಾಲಿಗೆ ಹೊರಳಲಿಲ್ಲ.

“ಹ್ಞೂಂ ಅಕ್ಕ” ಎಂದ.

“ನೋಡ್ದೇನವ್ವ? ನಾನೇಳಿರ್ನಿಲ್ವಾ?” ಎಂದಳು ಅಕ್ಕ ಸೊಸೆಯ ಕಡೆ ತಿರುಗಿ. ನಯನಾ ಮುಖ ತಿರುಗಿಸಿಕೊಂಡು ಹೊರಗೆ ಹೋದಳು.

ಅವನು ತನ್ನದಕ್ಕೆ ವಿಭೂತಿ ಹಚ್ಚಿ, ಹೂವು ಏರಿಸಿ ಕೊರಳಿಗೆ ಹಾಕಿಕೊಂಡ ಮೇಲೆ ಅಕ್ಕ ರೊಟ್ಟಿ ಮುರಿದು ಚಟ್ನಿ ಹಚ್ಚಿ ಅವನ ಕೈಗಿತ್ತಳು. “ಮೆಲ್ಲಗೆ ತಿನ್ನು. ಕಾಲಿ ಒಟ್ಟೆ, ಇಡ್ಕತದೆ.” ಒಬ್ಬಟ್ಟು ತುಂಬಿದ ಹೊಟ್ಟೆಯ ಮೇಲೆ ಅವನು ಅಕ್ಕಿರೊಟ್ಟಿ ತಿಂದ. ಅವಳು ತನ್ನ ಪಾಲನ್ನು ಚೂರುಚೂರಾಗಿ, ಮರೆತುಹೋದ ರುಚಿಯನ್ನು ನೆನಪು ಮಾಡಿಕೊಳ್ಳುವವಳ ಹಾಗೆ ತಿನ್ನುತ್ತಿದ್ದಳು. ಅವನು ತಿಂದದ್ದು ಸಾಲದು ಅಂತ ತನ್ನದರಲ್ಲಿ ಅರ್ಧ ಅವನಿಗೇ ಹಾಕಿದಳು. ಅವನು ಅದನ್ನೂ ತಿಂದ. ಹಸಿದವನ ವೇಷ ಹಾಕಿದ ಮೇಲೆ ಉಣ್ಣಲೇಬೇಕಲ್ಲ.

ಬೆಟ್ಟಸ್ವಾಮಿ ಬಾಗಿಲು ತಟ್ಟಿದರು. “ಸಾ, ಸನ್ಮಾನಕ್ಕೆ ಸ್ವಾಮೀಜಿ ಕಾಯ್ತಾವ್ರೆ.” ಸೋಮಶೇಖರ ಬಾಯಿ ತೊಳೆಯಲು ಹೊರಗೆ ಹೋದ ಅಷ್ಟು ಹೊತ್ತಿನಲ್ಲಿ ಅಕ್ಕ ಬೆಟ್ಟಸ್ವಾಮಿಯವರನ್ನು ಹತ್ತಿರ ಕರೆದು ಎಲ್ಲವನ್ನೂ ಹೇಳಿಬಿಟ್ಟಳು. ತನ್ನದು ತನ್ನ ಕೊರಳಿಗೆ ಬಂದಾಗಿತ್ತು, ಇನ್ನು ಮುಚ್ಚಿಡುವುದೇನಿತ್ತು? ಬೆಳಿಗ್ಗೆ ಅಕ್ಕನನ್ನೇ ಎಬ್ಬಿಸಿದ ಅಂತ ನಾಲ್ಕು ಜನ ತಮ್ಮನನ್ನು ಆಡಿಕೊಳ್ಳುವುದು ಅವಳ ಕಿವಿಗೆ ಬಿದ್ದಿತ್ತಂತೆ. ಅದು ಅವಳಿಗೆ ತಡೆಯಲಾಗಲಿಲ್ಲ.

ಸೋಮಶೇಖರ ವೇದಿಕೆ ಹತ್ತುವ ಹೊತ್ತಿಗೆ ಬೆಟ್ಟಸ್ವಾಮಿ ಮೈಕು ಹಿಡಿದಾಗಿತ್ತು.

“ಬಂಧುಗಳೇ, ಇದುವರೆಗೂ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಹೇಳ್ತೀನಿ. ಆಕಸ್ಮಿಕವಾಗಿ ಅಕ್ಕ-ತಮ್ಮಂದಿರ ಲಿಂಗ ಅದಲುಬದಲಾಗಿತ್ತು. ಅದು ತಿಳಿದ ದಿನದಿಂದ ಈ ನಮ್ಮ ಸೋಮಶೇಖರ್ ಅವರು ಬರೀ ಹಾಲು ಹಣ್ಣು ತಗೊಂಡು, ಹಸಿವನ್ನ ನುಂಗಿಕೊಂಡು, ಅಕ್ಕನಿಗೆ ನೋವಾಗಬಾರದು ಅಂತ ಒಂದು ಮಾತೂ ಆಡದೆ ಈ ಶಿಬಿರ ಕಟ್ಟಿದ್ದಾರೆ!”

ಸಭೆ ‘ಆಹಾ’ ಎಂದಿತು. ಸ್ವಲ್ಪ ಹೊತ್ತಿನ ಮುಂಚೆ ತಾವೇ ಕೈಯಾರೆ ಒಬ್ಬಟ್ಟು ಬಡಿಸಿದ್ದೂ ಬೆಟ್ಟಸ್ವಾಮಿಯವರಿಗೆ ಆ ಉತ್ಸಾಹದಲ್ಲಿ ಮರೆತಿತ್ತು. ಸ್ವಾಮೀಜಿ ಕಣ್ಣು ಮುಚ್ಚಿ ತಲೆದೂಗಿದರು. ಹೆಂಗಸರ ಸಾಲಿನಲ್ಲಿ ದೇವಮ್ಮಣ್ಣಿ ಕೂತಿದ್ದಳು, ದಿನಾ ಮುದ್ದೆ ತಿರುವಿ ಹಾಕಿದವಳು. ಅವಳು ಬಾಯಿ ಮೇಲೆ ಸೆರಗಿಟ್ಟುಕೊಂಡು ನೆಲ ನೋಡತೊಡಗಿದಳು. ಮುಂದಿನ ಸಾಲಿಗೆ ಅಕ್ಕನನ್ನು ಕರೆತಂದು ಕೂರಿಸಿದ್ದರು. ಅವಳು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದಳು. ಆ ಸೊರಗಿದ ಕೈಗಳಲ್ಲಿ ಬಳೆ ಮೊಣಕೈವರೆಗೆ ಜಾರಿತ್ತು.

ಶಾಲು ಹೆಗಲಿಗೆ ಬಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಹಾಗೆನಿಸಿತು ಸೋಮಶೇಖರನಿಗೆ. ಆ ಬಳೆಯಿಂದ ಕಣ್ಣು ಕೀಳಲಾಗಲಿಲ್ಲ. ಎರಡು ಮಾತು ಅಂತ ಮೈಕು ಮುಂದೆ ಬಂತು.

“ನಾನು ಉಂಡೆ” ಎಂದ.

ಜನಕ್ಕೆ ಅರ್ಥವಾಗಲಿಲ್ಲ. ಅವನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

“ಅವರು ಹೇಳಿದ್ದು ಸುಳ್ಳು. ನಾನು ದಿನಾ ಉಂಡೆ, ಮೂರು ಹೊತ್ತೂ ಉಂಡೆ. ನಂಗೆ ಗೊತ್ತೇ ಆಗ್ಲಿಲ್ಲ. ಕೈಯಲ್ಲಿ ಇಟ್ಕೊಂಡು ದಿನಾ ಕೂತೆ, ಅದು ನನ್ನದಲ್ಲ ಅಂತ ಗೊತ್ತೇ ಆಗ್ಲಿಲ್ಲ. ನಾನು ನೋಡೇ ಇರ್ಲಿಲ್ಲ.”

ಹಿಂದಿನಿಂದ ಯಾರೋ, “ಎಂಥಾ ವಿನಯ ನೋಡ್ರಪ್ಪ!” ಎಂದರು. ಚಪ್ಪಾಳೆ ಶುರುವಾಯಿತು. ದೊಡ್ಡವರು ತಮ್ಮ ಸಾಧನೆ ಹೇಳಿಕೊಳ್ಳುವುದಿಲ್ಲ ಅಂತ ಬೆಟ್ಟಸ್ವಾಮಿ ಮೈಕಿನಲ್ಲಿ ಹೇಳಿದರು. ಸಭೆಗೆ ಸಭೆಯೇ ಎದ್ದು ನಿಂತು, ಮೊದಲಿಗಿಂತ ಜೋರಾಗಿ ಚಪ್ಪಾಳೆ ಹೊಡೆಯಿತು. “ಇಲ್ಲ, ಇಲ್ಲ, ನಿಜ ಹೇಳ್ತಿದ್ದೀನಿ” ಎಂದು ಅವನು ಕೈಯಾಡಿಸಿದಷ್ಟೂ ಸದ್ದು ಏರಿತು.

ಅಷ್ಟು ಜನರಲ್ಲಿ ಚಪ್ಪಾಳೆ ನಿಲ್ಲಿಸಿದ್ದವಳು ಅಕ್ಕ ಒಬ್ಬಳೇ. ಅವನು ಸುಳ್ಳು ಹೇಳುವಾಗ ದನಿ ಹೇಗಿರುತ್ತದೆ, ನಿಜ ಹೇಳುವಾಗ ಹೇಗಿರುತ್ತದೆ ಎಂದು ಎತ್ತಿ ಆಡಿಸಿದವಳಿಗೆ ಗೊತ್ತಿರುವುದಿಲ್ಲವೇ? ಎತ್ತಿದ ಕೈ ಮೆಲ್ಲಗೆ ಮಡಿಲಿಗೆ ಇಳಿಯಿತು.

ಸಂಜೆ ಅವನೇ ಅವರಿಬ್ಬರನ್ನೂ ಕಾರಿನಲ್ಲಿ ನರಸೀಪುರಕ್ಕೆ ಕರೆದುಕೊಂಡು ಹೊರಟ. ಬಸ್ಸಿಗೆ ಹೋಗುತ್ತೇವೆ ಅಂದಳು ನಯನಾ, ಅಕ್ಕ ಹೋಗಿ ಕಾರಿನಲ್ಲಿ ಕೂತಳು. ನಾಲೆಯ ನೀರು ಹರಿದ ಗದ್ದೆಗಳು ಎರಡೂ ಕಡೆ ಹಸಿರಾಗಿದ್ದವು. ಬೈದಾಳು, ಈಗ ಬೈದಾಳು ಅಂತ ಅವನು ಕಾಯುತ್ತಿದ್ದ. ಬೈದಿದ್ದರೆ ಉಸಿರಾದರೂ ಆಡುತ್ತಿತ್ತು. ಕೊನೆಗೆ ಅವನೇ, “ಅಕ್ಕ, ಅಷ್ಟು ದಿನ ನಿನ್ನ ಉಪವಾಸ ಕೆಡವಿಬುಟ್ಟೆ. ತಪ್ಪಾಯ್ತು” ಎಂದ. ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು.

ಮನೆಯ ಮುಂದೆ ಕಾರು ನಿಂತಿತು. ನಯನಾ ಇಳಿದು ಬೀಗ ತೆಗೆಯಲು ಹೋದಳು. ಅಕ್ಕನೂ ಇಳಿದಳು, ಬಾಗಿಲು ಹಾಕದೆ ಅದನ್ನು ಹಿಡಿದುಕೊಂಡು ನಿಂತಳು.

“ನಾನು ಉಪಾಸ ಇದ್ದುದ್ದು ನಂಗೇನೂ ಕಷ್ಟ ಆಗ್ನಿಲ್ಲ ಕಣ್ ಸೋಮ” ಎಂದಳು. ಕೋಪದ ದನಿಯಲ್ಲ, ಬರೀ ದಣಿದ ದನಿ. “ನನ್ನ ಮಗ ಅಲ್ಲಿ ಅಸ್ಕಂಡು ಕುಂತವ್ನೆ ಅಂತ, ದಿನಾ ಉಣ್ಣೋ ವೊತ್ತಿಗೆ ಗ್ವಾಡೆ ಕಡೆ ಮಕ ಮಾಡ್ಕಂಡು ಅಳ್ತಿದ್ದೆ. ಅದೇ ಕಷ್ಟ ಆಗಿದ್ದು.”

ಸೆರಗಿನಿಂದ ಮುಖ ಒರೆಸಿಕೊಂಡಳು.

“ಬಾ ಒಳಕ್ಕೆ. ಕಾಪಿ ಕುಡ್ಕಂಡೋಗು.”

ಅವಳು ಮೆಟ್ಟಿಲು ಹತ್ತಿ ಒಳಗೆ ಹೋದಳು. ಅಡುಗೆಮನೆಯಲ್ಲಿ ದೀಪ ಹತ್ತಿತು, ಪಾತ್ರೆಯ ಸದ್ದು ಕೇಳಿಸಿತು. ಸೋಮಶೇಖರ ಸ್ಟೇರಿಂಗ್ ಹಿಡಿದುಕೊಂಡು ಕಾರಿನಲ್ಲೇ ಕೂತಿದ್ದ. ಇಳಿದು ಆ ಮನೆಯೊಳಗೆ ಹೋಗಲು ಅವನಿಗೆ ಮುಖವಿರಲಿಲ್ಲ.